ಬೆಟ್ಟದ ಸೈಟು ಬಿಟ್ಟು ತುಮಕೂರಿಗೆ ಬಂದೆವು

ಬೆಂಗಳೂರಿನ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. 38 ಮೆಟ್ಟಿಲು. ಇಪ್ಪತ್ತು ವರ್ಷ ಹತ್ತಿ ಇಳಿದರೂ ಒಂದು ದಿನ ಎಣಿಸಿರಲಿಲ್ಲ. ಮಂಡಿ ನೋವು ಬಂದ ಮೇಲೆ ಎಣಿಸಿದೆ.

ನಮ್ಮನೆಯವರು 2021ರಲ್ಲಿ ರಿಟೈರ್ ಆದರು, ಮರುವರ್ಷ ನಾನು. ಮಗ ಪುಣೆಯಲ್ಲಿ, ಮಗಳು ಯಶವಂತಪುರದ ಹತ್ತಿರ. ಬೆಂಗಳೂರು ಸಾಕು ಅನ್ನೋದರಲ್ಲಿ ನಮ್ಮಿಬ್ಬರಿಗೂ ಜಗಳ ಇರಲಿಲ್ಲ. ಎಲ್ಲಿಗೆ ಹೋಗೋದು ಅನ್ನೋದರಲ್ಲಿ ಒಂದೂವರೆ ವರ್ಷ ಜಗಳವಾಡಿದೆವು.

ಅವರ ಆಸೆ ನಂದಿ ಬೆಟ್ಟದ ಬುಡ. ಸಣ್ಣ ಮನೆ, ಮುಂದೆ ಜಗಲಿ, ಎದುರಿಗೆ 4,851 ಅಡಿಯ ಬೆಟ್ಟ. 2022ರ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಒಂದು ಸೈಟು ನೋಡಲು ಹೋದೆವು. ಬೆಳಿಗ್ಗೆ ಆರೂವರೆ. ಮಂಜು, ದ್ರಾಕ್ಷಿ ತೋಟ, ಗುಲಾಬಿ ಹೊಲ. ನವೆಂಬರ್ ಬೆಳಿಗ್ಗೆ ಆರೂವರೆಗೆ ಯಾವ ಊರು ಚೆಂದ ಕಾಣಲ್ಲ ಹೇಳಿ? ಸೈಟು ತೋರಿಸಿದ ಹುಡುಗ ಚುರುಕಾಗಿದ್ದ. "ಸಾರ್‌ಗೆ ವ್ಯೂ, ಮೇಡಂಗೆ ಗಾರ್ಡನ್" ಅಂದ. ನಮ್ಮನೆಯವರು ಅಲ್ಲೇ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟರು. ನಾನು ಕಾರಿಗೆ ಬಂದು ಕೂತಿದ್ದೆ, ನನಗೆ ಗೊತ್ತಾಗಿದ್ದು ದೇವನಹಳ್ಳಿ ದಾಟಿದ ಮೇಲೆ.

ಕಾಗದ ಕೇಳಿದಾಗ ಕಥೆ ಬಿಚ್ಚಿಕೊಂಡಿತು. ಜಮೀನು ಪಹಣಿಯಲ್ಲಿ, ಅಂದರೆ ಸರ್ಕಾರದ ಜಮೀನು ದಾಖಲೆಯಲ್ಲಿ, ಇನ್ನೂ ವ್ಯವಸಾಯದ್ದೇ. ಮನೆ ಕಟ್ಟೋ ಜಮೀನಾಗಿ ಕನ್ವರ್ಷನ್ ಆಗಿಲ್ಲ, ಲೇಔಟ್ ಪ್ಲಾನ್‌ಗೆ ಮಂಜೂರಾತಿ ಇಲ್ಲ. "ಖಾತೆ ಆಮೇಲೆ ಮಾಡಿಸಿಕೊಡ್ತೀವಿ" ಅಂದರು. ಈ "ಆಮೇಲೆ" ಎಷ್ಟು ದೂರ ಅಂತ ಸೈಟು ತೊಗೊಂಡವರನ್ನೇ ಕೇಳಬೇಕು. ಪಹಣಿಯನ್ನು ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿ ನೋಡಬಹುದು, ಜಮೀನಿನ ಮೇಲೆ ಸಾಲ, ಹಿಂದಿನ ಮಾರಾಟ ಏನಿದೆ ಅಂತ ತೋರಿಸುವ ಋಣಭಾರ ಪ್ರಮಾಣಪತ್ರಕ್ಕೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ದೊಡ್ಡ ಕೆಲಸವೇನಲ್ಲ. ದುಡ್ಡು ಕೊಟ್ಟ ಮೇಲೆ ಅದನ್ನು ಮಾಡಿದೆವು. ಐದು ತಿಂಗಳು ಓಡಾಡಿ ಮೂವತ್ತು ಸಾವಿರ ವಾಪಸ್ ಬಂತು. ಇಪ್ಪತ್ತು ಸಾವಿರ ಹೋಯಿತು. ಹೋಗಲಿ, ಪಾಠದ ಫೀಸು ಅಂತ ಇವರು ಅಂತಾರೆ. ನಾನು ಇನ್ನೂ ಅನ್ನೋದಿಲ್ಲ.

ಆದರೆ ನನಗೆ ಸೈಟು ಬೇಡವಾಗಿದ್ದು ಕಾಗದದಿಂದ ಅಲ್ಲ. ಅಡ್ವಾನ್ಸ್ ವಾಪಸ್ ಕೇಳಲು ಏಪ್ರಿಲ್‌ನಲ್ಲಿ ಮತ್ತೆ ಅಲ್ಲಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಸೈಟಿನ ಮೇಲೆ ನಿಂತು ನಾಲ್ಕೂ ಕಡೆ ನೋಡಿದೆ. ಒಂದು ಅಂಗಡಿ ಇಲ್ಲ. ಬಸ್ಸು ಬರುವ ರಸ್ತೆಗೆ ಎರಡು ಕಿಲೋಮೀಟರ್. ಶನಿವಾರ ಭಾನುವಾರ ಬೆಂಗಳೂರೇ ಎದ್ದು ಬೆಟ್ಟಕ್ಕೆ ಬರುತ್ತೆ, ಸೋಮವಾರ ಯಾರೂ ಇಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. "ನನಗೆ ಕಾರು ಓಡಿಸೋಕೆ ಬರಲ್ಲ. ನಿಮಗೆ ಒಂದು ಲೋಟ ಕಾಫಿ ಮಾಡೋಕೂ ಬರಲ್ಲ. ನಮ್ಮಿಬ್ಬರಲ್ಲಿ ಯಾರು ಮೊದಲು ಹೋದರೂ, ಉಳಿದವರು ಇಲ್ಲಿ ಏನು ಮಾಡ್ತಾರೆ?" ಅವರು ಬೆಂಗಳೂರು ಬರೋವರೆಗೂ ಮಾತಾಡಲಿಲ್ಲ. ಮನೆಗೆ ಬಂದು, ಮೆಟ್ಟಿಲು ಹತ್ತುವಾಗ, "ನೀನು ಹೇಳಿದ್ದು ಸರಿ ಅಂತ ಕಾಣತ್ತೆ" ಅಂದರು. ಮೂವತ್ತನೇ ಮೆಟ್ಟಿಲಲ್ಲಿ.

ಅಲ್ಲಿಂದ ಮುಂದೆ ಊರು ನೋಡುವ ರೀತಿಯೇ ಬದಲಾಯಿತು. ಇಬ್ಬರು ಸುಖವಾಗಿ ಇರೋಕೆ ಯಾವ ಊರಾದರೂ ಸಾಕು. ಒಬ್ಬರು ಉಳಿದಾಗ ಆ ಊರು ಹೇಗಿರುತ್ತೆ ಅಂತ ನೋಡಲು ಶುರು ಮಾಡಿದೆವು.

ಮೊದಲು ಹೊಳೆದಿದ್ದು ನನ್ನ ತವರು. ಮುಳಬಾಗಿಲು ತಾಲ್ಲೂಕಿನ ಹಳ್ಳಿ. ಅಣ್ಣನ ಮನೆಯ ಪಕ್ಕದಲ್ಲೇ ಹಳೇ ಮನೆ ಖಾಲಿ ಇತ್ತು. ಬಾಡಿಗೆ ಇಲ್ಲ, ಗೊತ್ತಿರುವ ಜನ, ಅರ್ಧ ತೆಲುಗು ಅರ್ಧ ಕನ್ನಡದ ಮಾತು, ಹುಣಸೆ ಮರ. ಸುಣ್ಣ ಬಳಿಸಿ ಮೂರು ತಿಂಗಳು ಇದ್ದು ನೋಡೋಣ ಅಂದೆವು. ಮೇ, ಜೂನ್, ಜುಲೈ.

ತವರಿನ ಬಗ್ಗೆ ಕೆಟ್ಟದಾಗಿ ಬರೆಯೋಕೆ ಕೈ ಬರಲ್ಲ. ಆದರೂ ನೀರಿನ ಮಾತು ಹೇಳಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿವೆ. ಅಷ್ಟು ಆಳದ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇರುತ್ತೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ. ಹಲ್ಲಿನ ಮೇಲೆ ಕಂದು ಗೆರೆ ಬಿದ್ದವರು, ಮಂಡಿ ಮಡಿಸೋಕೆ ಆಗದವರು ನಮ್ಮ ಕಡೆ ಹೊಸಬರೇನಲ್ಲ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲಕ್ಕೆ, ಕುಡಿಯೋಕಲ್ಲ. ಹಾಗಾಗಿ ಊರಿನ ಶುದ್ಧ ನೀರಿನ ಘಟಕಕ್ಕೆ ಹೋಗಬೇಕು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ದುಡ್ಡು ಏನೂ ಅಲ್ಲ. ಆ ಕ್ಯಾನ್ ಇದೆಯಲ್ಲ, ತುಂಬಿದ ಮೇಲೆ ಅದು 20 ಕಿಲೋ. ಮೊದಲ ವಾರ ಇವರು ಸ್ಕೂಟರ್ ಮುಂದೆ ಇಟ್ಟುಕೊಂಡು ತಂದರು. ಎರಡನೇ ವಾರ ಮನೆಯ ಹೊಸ್ತಿಲ ಹತ್ತಿರ ಕ್ಯಾನ್ ಎತ್ತುವಾಗ ಸೊಂಟ ಹಿಡಿಯಿತು. ಆಮೇಲೆ ಅಣ್ಣನ ಮಗ ಶನಿವಾರ ಬಂದಾಗ ಎರಡು ಕ್ಯಾನ್ ತುಂಬಿಸಿ ಇಡುತ್ತಿದ್ದ. ವಾರದ ಮಧ್ಯೆ ನಾನು ಬಿಂದಿಗೆಯಲ್ಲಿ ಹೊತ್ತೆ, ಹುಡುಗಿಯಾಗಿದ್ದಾಗಿನ ಹಾಗೆ. ಮಂಡಿಗೆ ಮಾತ್ರ ನಾನಿನ್ನೂ ಹುಡುಗಿ ಅನ್ನೋದು ಗೊತ್ತಿರಲಿಲ್ಲ.

ಜುಲೈನ ಒಂದು ರಾತ್ರಿ ಒಂದೂವರೆಗೆ ಇವರಿಗೆ ಶುಗರ್ ಇಳಿಯಿತು. ಬನಿಯನ್ ಬೆವರಲ್ಲಿ ಒದ್ದೆ, ಮಾತು ತೊದಲು. ಬಾಯಿಗೆ ಸಕ್ಕರೆ ಹಾಕಿದೆ, ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನೋಡಿದರು. ಪುಣ್ಯಕ್ಕೆ ಅವತ್ತು ಶನಿವಾರ, ಅಣ್ಣನ ಮಗ ಊರಲ್ಲಿದ್ದ. ಕಾರು ತೆಗೆದು ಕೋಲಾರಕ್ಕೆ ಕರೆದುಕೊಂಡು ಹೋದ. ಏನೂ ಆಗಲಿಲ್ಲ. ಬೆಳಗಿನ ಜಾವ ಆಸ್ಪತ್ರೆ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆ. ರಾತ್ರಿ ಕಾರು ಓಡಿಸಬಲ್ಲವರು, ಸೋಮವಾರದಿಂದ ಶುಕ್ರವಾರದವರೆಗೆ, ಸೊನ್ನೆ. ಹುಡುಗರೆಲ್ಲ ಬೆಂಗಳೂರಲ್ಲಿ. ತವರು ಅಲ್ಲೇ ಇದೆ, ತವರಿನ ಜನ ನಾವು ಬಿಟ್ಟು ಬಂದ ಊರಿಗೇ ಹೋಗಿದ್ದಾರೆ.

ತುಮಕೂರು ನಮ್ಮ ತಲೆಯಲ್ಲಿ ಇರಲೇ ಇಲ್ಲ. ಇವರ ಹಳೇ ಸಹೋದ್ಯೋಗಿಯೊಬ್ಬರ ಮನೆ ಅಲ್ಲಿನ ಎಸ್‌ಐಟಿ (ಇಂಜಿನಿಯರಿಂಗ್ ಕಾಲೇಜು) ಬಡಾವಣೆಯಲ್ಲಿತ್ತು, ನೋಡಿಕೊಂಡು ಬರೋಣ ಅಂತ ಹೋದೆವು. ನಾನು ಬಸ್ಸಲ್ಲಿ ದುಡ್ಡಿಲ್ಲದೆ ಹೋದೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಗಿತ್ತು. ಇವರಿಗೆ ಹಿರಿಯ ನಾಗರಿಕರ ಶೇ 25 ರಿಯಾಯಿತಿ. ದಾರಿಯುದ್ದಕ್ಕೂ ಆ ಟಿಕೆಟ್ ಹಿಡಿದುಕೊಂಡು ಮುಖ ಸಣ್ಣ ಮಾಡಿಕೊಂಡಿದ್ದರು.

ಆ ಬೀದಿ ನೋಡಿದ ತಕ್ಷಣ ನನಗೆ ಹಿಡಿಸಿದ್ದು ಅದರ ಹಳತನ. ಸಾಲು ಮನೆ, ಎಲ್ಲದರ ಮುಂದೆ ದಾಸವಾಳ, ಗೇಟಿಗೆ ಹಾಲಿನ ಚೀಲ. ಬೆಟ್ಟ ಗಿಟ್ಟ ಏನೂ ಇಲ್ಲ. ಎರಡು ತಿಂಗಳಲ್ಲಿ ನಾಲ್ಕು ಸಲ ಹೋದೆವು. ಒಮ್ಮೆ ಮಳೆಯಲ್ಲಿ, ಒಮ್ಮೆ ಕರೆಂಟ್ ಹೋಗಿದ್ದ ಸಂಜೆ. ಒಂದು ಸಲ ಲಾಡ್ಜಿನಲ್ಲಿ ಉಳಿದು ರಾತ್ರಿ ಹತ್ತೂವರೆಗೆ ಆಟೋ ಸಿಗುತ್ತಾ ಅಂತ ಸುಮ್ನೆ ಬೀದಿಗೆ ಬಂದು ನಿಂತೆವು. ಆರು ನಿಮಿಷಕ್ಕೆ ಸಿಕ್ಕಿತು. ಆಟೋದವನು ಎಲ್ಲಿಗೆ ಅಂದ, ಎಲ್ಲಿಗೂ ಇಲ್ಲ ಅಂದೆವು. ಬೈದುಕೊಂಡು ಹೋದ. ಇನ್ನೊಂದು ದಿನ ಮೂರು ಕಿಲೋ ತರಕಾರಿ ಚೀಲದಲ್ಲಿ ಹಿಡಿದು ನಾನು ಒಬ್ಬಳೇ ನಡೆದೆ, ಗಡಿಯಾರ ನೋಡುತ್ತಾ. ಔಷಧಿ ಅಂಗಡಿ ನಾಲ್ಕು ನಿಮಿಷ, ಕ್ಲಿನಿಕ್ ಏಳು, ಬಿ.ಎಚ್. ರಸ್ತೆಯ ಬಸ್ ಸ್ಟಾಪ್ ಒಂಬತ್ತು. (ಬಿ.ಎಚ್. ಅಂದರೆ ಬೆಂಗಳೂರು ಹೊನ್ನಾವರ. ನನಗೂ ಅಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು.) ಊರಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿಯವೂ ಇವೆ. ದೊಡ್ಡ ಆಪರೇಷನ್ ಅಂದರೆ ಬೆಂಗಳೂರು 70 ಕಿಲೋಮೀಟರ್. ಮಗಳ ಮನೆಗೆ ರೈಲಿದೆ, ನೇರ ಯಶವಂತಪುರದಲ್ಲಿ ಇಳಿಯಬಹುದು. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು, ಆದರೂ ಅಷ್ಟು ದೂರಕ್ಕೆ ಟಿಕೆಟ್ ಭಾರ ಅನ್ನಿಸಲ್ಲ.

ಆದರೆ ನಾನು ಒಪ್ಪಿದ್ದು ಒಬ್ಬ ಅಜ್ಜಿಯ ಜೊತೆ ಮಾತಾಡಿದ ಮೇಲೆ. ಎಲ್ಲರೂ ಅವರನ್ನು ಟೀಚರಮ್ಮ ಅಂತಾರೆ. 76 ವರ್ಷ, ಯಜಮಾನರು ಹೋಗಿ ಒಂಬತ್ತು ವರ್ಷ, ಒಬ್ಬರೇ ಇದ್ದಾರೆ. ಮಾತಿಗೆ ಕೂತಾಗ ನೇರವಾಗಿ ಕೇಳಿದೆ, "ಈ ಬೀದಿಯಲ್ಲಿ ಒಬ್ಬರೇ ಇರೋರು ಎಷ್ಟು ಜನ?" ಬೆರಳು ಮಡಿಸಿದರು. "ನನ್ನ ಸೇರಿಸಿ ನಾಲ್ಕು. ಮೂರು ಹೆಂಗಸರು, ಒಬ್ಬರು ಗಂಡಸು. ಗಂಡಸಿಗೆ ಸಾರು ನಾವು ಸರದಿಯಲ್ಲಿ ಕೊಡ್ತೀವಿ, ಅನ್ನ ಅವರೇ ಮಾಡ್ಕೋತಾರೆ." ಭಯ ಆಗಲ್ವಾ ಅಂದೆ. "ಮೆಡಿಕಲ್ ಸ್ಟೋರ್ ಹುಡುಗನಿಗೆ ನನ್ನ ಬಿಪಿ ಮಾತ್ರೆ ಚೀಟಿ ಇಲ್ದೇ ಗೊತ್ತು. ಬೆಳಿಗ್ಗೆ ಏಳಕ್ಕೆ ಹಾಲಿನ ಪ್ಯಾಕೆಟ್ ಗೇಟಲ್ಲೇ ಇದ್ರೆ ಎದುರು ಮನೆಯವರು ಬೆಲ್ ಒತ್ತುತಾರೆ. ಇನ್ನೇನು ಬೇಕಮ್ಮ?" ಅಂದರು.

ಮನೆಗೆ ಬಂದು ಇವರು ಲೆಕ್ಕದ ಪುಸ್ತಕ ತೆಗೆದರು. ಕೊಳ್ಳೋದಾ, ಬಾಡಿಗೆಯಾ, ಭೋಗ್ಯವಾ. ನಾನು ಬಾಡಿಗೆ ಅಂದೆ. ಸೈಟಿಗೆ ಅಂತ ಇಟ್ಟಿದ್ದ 30 ಲಕ್ಷವನ್ನು ಇವರ ಹೆಸರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಒಬ್ಬರ ಹೆಸರಿಗೆ ಅದೇ ಮಿತಿ. ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೆ 61,500 ರೂಪಾಯಿ ಬಡ್ಡಿ. ತುಮಕೂರಿನ ನೆಲಮಹಡಿ ಮನೆಯ ಬಾಡಿಗೆ ತಿಂಗಳಿಗೆ 14,000, ಮೂರು ತಿಂಗಳಿಗೆ 42,000. ಬಡ್ಡಿಯಲ್ಲೇ ಬಾಡಿಗೆ ಕಳೆದು ಔಷಧಿಗೂ ಉಳಿಯುತ್ತೆ. ಬಡ್ಡಿಗೆ ತೆರಿಗೆ ಇದೆ, ಅದು ಮರೆಯಬಾರದು. ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟೆವು, ಮಾರಲಿಲ್ಲ. ಸ್ವಂತ ಮನೆ ಇಲ್ಲದ ಊರಲ್ಲಿ ಮರ್ಯಾದೆ ಇರಲ್ಲ ಅಂತ ನಮ್ಮ ನಾದಿನಿ ಹೇಳಿದಳು. ಹನ್ನೊಂದು ತಿಂಗಳ ಕರಾರು ಬರೆದು 2024ರ ಜನವರಿಯಲ್ಲಿ ಸಾಮಾನು ಇಳಿಸಿದೆವು. ಬೇಡವಾದರೆ ಲಾರಿ ಬಾಡಿಗೆ ಅಷ್ಟೇ ನಷ್ಟ ಅನ್ನೋ ಧೈರ್ಯ ಇತ್ತು ನೋಡಿ, ಅದು ಸೈಟಿನಲ್ಲಿ ಸಿಗ್ತಿರಲಿಲ್ಲ.

ತುಮಕೂರು ಸ್ವರ್ಗ ಅಂತ ಹೇಳ್ತಿಲ್ಲ. ಬೇಸಿಗೆಯಲ್ಲಿ ಬೆಂಗಳೂರಿಗಿಂತ ಸೆಕೆ ಜಾಸ್ತಿ. ಬಿ.ಎಚ್. ರಸ್ತೆ ದಾಟೋದು ಅಂದರೆ ಮಗಳ ಮದುವೆ ಮಾಡಿದಷ್ಟು ಧೈರ್ಯ ಬೇಕು. ಧೂಳು, ಸೊಳ್ಳೆ. ಹೇಮಾವತಿ ನೀರು ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿ, ಅಲ್ಲಿಂದ ಊರಿಗೆ ಬರುತ್ತೆ. ನಮ್ಮ ಬೀದಿಗೆ ದಿನಾ ಬಿಡಲ್ಲ, ಮೂರು ನಾಲ್ಕು ದಿನಕ್ಕೊಮ್ಮೆ. ಮನೆ ನೋಡುವಾಗ ನಾನು ಕಬೋರ್ಡ್ ತೆಗೆದು ನೋಡಲಿಲ್ಲ, ಸಂಪಿನ ಮುಚ್ಚಳ ತೆಗೆಸಿ ಬಗ್ಗಿ ನೋಡಿದೆ. ಮನೆ ಓನರ್ ಕಕ್ಕಾಬಿಕ್ಕಿಯಾದರು. ಆ ಸಂಪು ದೊಡ್ಡದಿದ್ದಿದ್ದಕ್ಕೇ ಮೊದಲ ಬೇಸಿಗೆ ದಾಟಿದೆವು.

ಇವರಿಗೆ ಬೆಟ್ಟದ ಹುಚ್ಚು ಪೂರ್ತಿ ಹೋಗಿಲ್ಲ. ತಿಂಗಳಿಗೊಮ್ಮೆ ದೇವರಾಯನದುರ್ಗಕ್ಕೆ ಹೋಗಿ, ನಾಮದ ಚಿಲುಮೆಯಲ್ಲಿ ಜಿಂಕೆ ನೋಡಿ, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರ್ತಾರೆ. ಉಳಿದ ದಿನ ಬೆಳಿಗ್ಗೆ ಅಮಾನಿಕೆರೆ ದಂಡೆ. ನಾನು ಸೋಮವಾರ ಸಿದ್ಧಗಂಗಾ ಮಠಕ್ಕೆ ಹೋಗ್ತೀನಿ. ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಟಿವಿಯಲ್ಲಿ ನೋಡಿದ್ದೆ, ಆಗ ಈ ಊರಿಗೆ ಬರ್ತೀನಿ ಅಂದುಕೊಂಡಿರಲಿಲ್ಲ. ದಾಸೋಹದ ಸಾಲಿನಲ್ಲಿ ಕೂತರೆ ನೀವು ಯಾರು, ಬಾಡಿಗೆಯವರಾ ಸ್ವಂತದವರಾ ಅಂತ ಕೇಳೋರಿಲ್ಲ.

ಬಂದ ಮೊದಲ ತಿಂಗಳಿಂದ ಇಬ್ಬರಿಗೂ ಒಂದೊಂದು ಪಾಠ ಹಾಕಿಕೊಂಡೆವು. ನಾನು ಬ್ಯಾಂಕಿನ ಆ್ಯಪ್, ಕರೆಂಟ್ ಬಿಲ್, ನವೆಂಬರ್‌ನಲ್ಲಿ ಪಿಂಚಣಿಯ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಕೊಡುವುದು ಕಲಿತೆ. ಅವರು ಕಾಫಿ, ಅನ್ನ, ತಿಳಿಸಾರು. ನಾನು ಬೇಗ ಕಲಿತೆ.

ಹೋದ ತಿಂಗಳು ಒಂದು ಮದುವೆಗೆ ಹೋಗಿ ರಾತ್ರಿ ತಡವಾಗಿ ಬಂದು ಮಲಗಿದ್ದೆವು. ಬೆಳಿಗ್ಗೆ ಬೆಲ್ಲು ಒಂದೇ ಸಮ ಹೊಡೀತಿತ್ತು. ಗಡಿಯಾರ ನೋಡಿದರೆ ಏಳು ಹತ್ತು. ಬಾಗಿಲು ತೆಗೆದರೆ ಟೀಚರಮ್ಮ, ಕೈಯಲ್ಲಿ ನಮ್ಮ ನೀಲಿ ಹಾಲಿನ ಪ್ಯಾಕೆಟ್, ಮುಖ ಕೆಂಪಗೆ. "ಇಬ್ಬರೂ ಬದುಕಿದ್ದೀರಾ? ಮುಂಚೆ ಒಂದು ಮಾತು ಹೇಳೋಕೆ ಆಗಲ್ವಾ?" ಅಂತ ಬೈದರು. ನಮ್ಮನೆಯವರು ಪ್ಯಾಕೆಟ್ ಇಸಕೊಂಡು ಒಳಗೆ ಹೋಗಿ ಮೂರು ಲೋಟ ಕಾಫಿ ಮಾಡಿಕೊಂಡು ಬಂದರು. ಡಿಕಾಕ್ಷನ್ ನೀರಾಗಿದೆ ಅಂದರು ಟೀಚರಮ್ಮ. ಆದರೂ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಹೋದರು.