ರಿಪಲ್ ಮುಗಿಯುವ ಮೊದಲೇ ಅದನ್ನು ಹಿಡಿದದ್ದು: ನನ್ನ ಅನುಭವ

ಮಲಗಿರುವ ಇಲಿಯ ಸಿಎ1ನಲ್ಲಿ (ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗದ ಒಂದು ವಲಯ) ರಿಪಲ್, ಅಂದರೆ ನರಕೋಶಗಳು ಒಟ್ಟಿಗೆ ಮಿಡಿದಾಗ ಏಳುವ ವೇಗದ ವಿದ್ಯುತ್ ಅಲೆ, ಶುರುವಾದ ಕೂಡಲೇ ಗುರುತಿಸಿ, ಅದು ಮುಗಿಯುವುದರೊಳಗೆ ಮೆದುಳಿಗೆ ಒಂದು ವಿದ್ಯುತ್ ಪಲ್ಸ್ ಕೊಟ್ಟು ತಡೆಯುವ ಸೆಟಪ್ ಕೊನೆಗೂ ಕೆಲಸ ಮಾಡುತ್ತಿದೆ. ಅದೂ ಒಂದು ಅಗ್ಗದ ಮೈಕ್ರೋಕಂಟ್ರೋಲರ್ ಬೋರ್ಡಿನ ಮೇಲೆ. ಇದರಲ್ಲಿ ಟೈಮಿಂಗ್ ಸಿಗಲ್ಲ, ಸುಮ್ನೆ ಸಮಯ ಹಾಳು ಅಂದವರೇ ಜಾಸ್ತಿ. ರೆಡಿಮೇಡ್ ಸಿಸ್ಟಂ ತರಿಸಿದ್ದರೆ ವರ್ಷದ ಗ್ರಾಂಟಿನ ಅರ್ಧ ಅದಕ್ಕೇ ಹೋಗುತ್ತಿತ್ತು. ನನಗೆ ಬಿದ್ದ ಖರ್ಚು ಅದರ ಇಪ್ಪತ್ತರಲ್ಲಿ ಒಂದು ಭಾಗವೂ ಆಗಿಲ್ಲ. ಟೆಟ್ರೋಡ್ ತಂತಿ (ಮೆದುಳಿಗೆ ಇಳಿಸುವ, ನಾಲ್ಕು ಎಳೆ ಸೇರಿಸಿ ಹೊಸೆದ ತೆಳು ತಂತಿ), ಚಿನ್ನದ ಲೇಪನದ ದ್ರಾವಣ ಇದರಲ್ಲಿ ಸೇರಿಲ್ಲ, ಅವು ಹೇಗಿದ್ದರೂ ಬೇಕೇ ಬೇಕು.

ಕಷ್ಟ ಇರುವುದು ಸಮಯದಲ್ಲಿ. ರಿಪಲ್ ಇರುವುದೇ 50ರಿಂದ 100 ಮಿಲಿಸೆಕೆಂಡ್. ಇಲಿ ಓಡುವಾಗ ಸೆಕೆಂಡುಗಟ್ಟಲೆ ಹಿಡಿದ ಪ್ಲೇಸ್ ಸೆಲ್‌ಗಳ (ಇಲಿ ಒಂದೊಂದು ಜಾಗಕ್ಕೆ ಬಂದಾಗ ಮಿಡಿಯುವ ನರಕೋಶಗಳು) ಸರದಿ ಅಷ್ಟರಲ್ಲೇ ಮತ್ತೊಮ್ಮೆ ಬಂದು ಹೋಗುತ್ತದೆ. ಪಲ್ಸ್ ತಡವಾದರೆ ಕೊಟ್ಟೂ ಉಪಯೋಗವಿಲ್ಲ. ಬೇಕಾದ ಆವರ್ತನ ಮಾತ್ರ ಬಿಡಲು ಮೊದಲು ಉದ್ದನೆಯ ಎಫ್‌ಐಆರ್ ಎಂಬ ಬಗೆಯ ಡಿಜಿಟಲ್ ಫಿಲ್ಟರ್ ಹಾಕಿದ್ದೆ. ಸಿಗ್ನಲ್ ಬಹಳ ಚೆನ್ನಾಗಿ ಕಾಣುತ್ತಿತ್ತು, ಆದರೆ ಫಿಲ್ಟರ್ ಒಂದೇ 30 ಮಿಲಿಸೆಕೆಂಡ್ ತಿನ್ನುತ್ತಿತ್ತು. ಕಡಿಮೆ ತಡವಾಗುವ ಇನ್ನೊಂದು ಬಗೆ, ಚಿಕ್ಕ ಐಐಆರ್ ಫಿಲ್ಟರ್‌ಗೆ ಬದಲಾಯಿಸಿ, 150ರಿಂದ 250 ಹರ್ಟ್ಸ್ ಮಾತ್ರ ಬಿಟ್ಟುಕೊಂಡ ಮೇಲೆ ಒಟ್ಟು ತಡ 15ರ ಆಸುಪಾಸಿಗೆ ಇಳಿಯಿತು.

ಆಮೇಲೆ ಶುರುವಾಯಿತು ನಿಜವಾದ ತಲೆನೋವು. ಇಲಿ ಮಲಗಿದಾಗ ಎಲ್ಲ ಸರಿ, ಎದ್ದು ಒಂದು ಕಾಳು ಕಡಿಯಲು ಶುರು ಮಾಡಿದರೆ ಬೋರ್ಡಿನ ಎಲ್‌ಇಡಿ ಪಟಪಟ ಅಂತ ಮಿನುಗುತ್ತಿತ್ತು, ಒಂದೊಂದು ಕಡಿತಕ್ಕೂ ಒಂದು ಮಿನುಗು. ದವಡೆಯ ಸ್ನಾಯುವಿನ ಸಿಗ್ನಲ್ ಅದೇ ಬ್ಯಾಂಡಿಗೆ ಬರುತ್ತದೆ ಅಲ್ವಾ, ಥ್ರೆಶೋಲ್ಡ್ (ರಿಪಲ್ ಅಂತ ಒಪ್ಪಲು ಸಿಗ್ನಲ್ ದಾಟಬೇಕಾದ ಮಟ್ಟ) ಏರಿಸಿದರೆ ಚಿಕ್ಕ ರಿಪಲ್‌ಗಳು ಕೈತಪ್ಪುತ್ತವೆ. ತಿಂಗಳುಗಟ್ಟಲೆ ಇದರಲ್ಲೇ ಹೋಯಿತು, ಎರಡು ಹೆಡ್‌ಸ್ಟೇಜ್ (ಇಲಿಯ ತಲೆಯ ಮೇಲೆ ಕೂರುವ ಪುಟ್ಟ ಆಂಪ್ಲಿಫೈಯರ್) ಕೂಡ ಹಾಳಾದವು, ಅದೇ ದೊಡ್ಡ ನಷ್ಟ. ಕೊನೆಗೆ ರಿಪಲ್ ಬಾರದ ಮೇಲಿನ ಕಾರ್ಟೆಕ್ಸಿನಲ್ಲಿ ಒಂದು ತಂತಿ ಬಿಟ್ಟೆ. ಅಲ್ಲೂ ಅದೇ ಹೊತ್ತಿಗೆ ಶಕ್ತಿ ಏರಿದರೆ ಪಲ್ಸ್ ಕೊಡಬೇಡ ಅಂತ ಬೋರ್ಡಿಗೆ ಹೇಳಿದೆ. ಈಗ ಹತ್ತು ರಿಪಲ್‌ನಲ್ಲಿ ಎಂಟಾದರೂ ಸಿಗುತ್ತವೆ. ದುಬಾರಿ ಸಿಸ್ಟಂ ಇಟ್ಟುಕೊಂಡವರ ಅಂಕಿ ಇದಕ್ಕಿಂತ ಬಹಳ ಮೇಲೇನಿಲ್ಲ. ಥ್ರೆಶೋಲ್ಡ್ ರಾತ್ರಿಯಿಡೀ ತಾನೇ ಹೊಂದಿಕೊಳ್ಳುವ ಹಾಗೆ ಮಾಡಿರುವ ಲೆಕ್ಕವನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಪಲ್ಸ್ ಕೊಡುವುದು ವೆಂಟ್ರಲ್ ಹಿಪ್ಪೊಕ್ಯಾಂಪಲ್ ಕಮಿಷರ್‌ಗೆ (ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ಗಳನ್ನು ಜೋಡಿಸುವ ನರತಂತುಗಳ ಕಟ್ಟು), 2009ರಲ್ಲಿ ಜಿರಾರ್ಡೋ ಮತ್ತು ಜೊತೆಗಾರರು ಮಾಡಿದ ಹಾಗೆಯೇ. ಕಂಟ್ರೋಲ್ ಇಲಿಗಳಿಗೂ ಅಷ್ಟೇ ಪಲ್ಸ್, ಆದರೆ ರಿಪಲ್ ಮುಗಿದ ಮೇಲೆ. ಇದನ್ನು ಬಿಟ್ಟು ಮಾಡಿದ ಯಾವ ಫಲಿತಾಂಶವನ್ನೂ ನಾನು ನಂಬುವುದಿಲ್ಲ. ಎಂಟು ತೋಳಿನ ಮೇಜ್‌ನಲ್ಲಿ ಮೂರು ತೋಳಿಗೆ ಆಹಾರ ಇಟ್ಟಾಗ, ರಿಪಲ್ ಕಳೆದುಕೊಂಡ ಇಲಿಗಳು ಕಲಿಯುವುದರಲ್ಲಿ ಸ್ಪಷ್ಟವಾಗಿ ಹಿಂದೆ ಬಿದ್ದವು.

ನಡುವೆ ಇದೇ ಬೋರ್ಡಿನಲ್ಲಿ ಥೀಟಾ ಫೇಸ್ ಹಿಡಿಯಲೂ ನೋಡಿದೆ, ಅಂದರೆ ಇಲಿ ಓಡುವಾಗ ಹಿಪ್ಪೊಕ್ಯಾಂಪಸ್‌ನಲ್ಲಿ ಬರುವ ನಿಧಾನದ ಥೀಟಾ ಅಲೆ ಆ ಕ್ಷಣ ತನ್ನ ಸುತ್ತಿನ ಎಲ್ಲಿದೆ ಅನ್ನುವುದು. 8 ಹರ್ಟ್ಸ್ ಅಂದರೆ ಒಂದು ಸುತ್ತಿಗೆ 125 ಮಿಲಿಸೆಕೆಂಡ್, ಸಮಯ ಧಾರಾಳವಾಗಿದೆ ಅನ್ನಿಸುತ್ತದೆ. ಆದರೆ ಅಲೆ ಎರಡೂ ಕಡೆ ಸಮನಾಗಿಲ್ಲ, ಗರಗಸದ ಹಲ್ಲಿನ ಆಕಾರ. ಫೇಸ್ ಕಂಡುಹಿಡಿಯುವ ಹಿಲ್ಬರ್ಟ್ ಲೆಕ್ಕ ರೆಕಾರ್ಡಿಂಗ್ ಆದ ಮೇಲೆ ಸರಿ, ಆ ಕ್ಷಣಕ್ಕೆ ಕೈಕೊಡುತ್ತದೆ. ತಂತಿಯನ್ನು ಪಿರಮಿಡಲ್ ಪದರದಿಂದ (ಸಿಎ1ನ ನರಕೋಶಗಳ ಒಡಲು ಇರುವ ಪದರ) ಫಿಶರ್, ಅಂದರೆ ಅದರ ಕೆಳಗಿನ ಸೀಳಿನ ಹತ್ತಿರಕ್ಕೆ ಇಳಿಸಿದೆ. ಅಲ್ಲಿ ಥೀಟಾ ದೊಡ್ಡದು, ಫೇಸ್ ಮಾತ್ರ ಹೆಚ್ಚುಕಡಿಮೆ ತಿರುಗುಮುರುಗು. ಇಲಿ ಓಡುವಾಗ ಮಾತ್ರ ಟ್ರಿಗರ್ ಬಿಟ್ಟರೆ 30, 40 ಡಿಗ್ರಿ ಒಳಗೆ ಬರುತ್ತದೆ. ಫೇಸ್ ಪ್ರಿಸೆಷನ್ (ಇಲಿ ಮುಂದೆ ಸಾಗಿದಂತೆ ಪ್ಲೇಸ್ ಸೆಲ್ ಥೀಟಾ ಸುತ್ತಿನಲ್ಲಿ ಬರಬರುತ್ತಾ ಬೇಗ ಮಿಡಿಯುವುದು) ನೋಡಲು ಇದು ಸಾಲದು, ಸುತ್ತಿನ ಏರು ಭಾಗ ಇಳಿ ಭಾಗ ಬೇರೆ ಮಾಡಲು ಸಾಕು.

ಮಾಡಲು ಹೊರಟವರಿಗೆ ಇನ್ನೊಂದು ಮಾತು. ಬೋರ್ಡಿಗೆ ಕಂಪ್ಯೂಟರಿನ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ, ಬ್ಯಾಟರಿ ಹಾಕಿ. ನನ್ನ ಸಿಗ್ನಲ್‌ನ ಅರ್ಧ ಗದ್ದಲ ಹೋದದ್ದು ಅದರಿಂದಲೇ.