ಗೇಣುದ್ದದ ತಂತಿ ನುಂಗಿದ ಕಾಲು ವೋಲ್ಟು

ಶಿರಸಿ ಸುತ್ತಮುತ್ತಲಿನ ತೋಟದ ಮನೆಗಳ ಸೋಲಾರ್ ದೀಪಗಳಲ್ಲಿ ಬ್ಯಾಟರಿ ತುಂಬುವುದನ್ನೂ ಖಾಲಿಯಾಗುವುದನ್ನೂ ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರ್‌ಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಕೈ ತಪ್ಪಬಾರದ ಜಾಗ ಒಂದಿದೆ, ಅದು ಕಟ್‌ಆಫ್. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ 10.8ಕ್ಕೆ ಇಳಿದಾಗ ಕಂಟ್ರೋಲರ್ ದೀಪ ಆರಿಸಬೇಕು. ಅಲ್ಲಿಂದಲೂ ಕೆಳಗೆ ದಿನಾ ಎಳೆಯುತ್ತ ಹೋದರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಬ್ಯಾಟರಿ ಬೇಗ ಕೂತುಬಿಡುತ್ತದೆ.

ಕಟ್‌ಆಫ್ ಕೂರಿಸಲು ಎಲ್‌ಎಂ317 ಎಂಬ, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಐಸಿ ಹಾಕಿ ನಾನೇ ಒಂದು ಪವರ್ ಸಪ್ಲೈ ಮಾಡಿಕೊಂಡಿದ್ದೆ. ಮೊದಲು ಏನೂ ಲೋಡ್ ಇಲ್ಲದೆ 10.80 ಇಟ್ಟುಕೊಳ್ಳುವುದು, ಆಮೇಲೆ ದೀಪ ಸಮೇತ ಕಂಟ್ರೋಲರ್ ಜೋಡಿಸಿ, ದೀಪ ಆರುವವರೆಗೆ ಅದರೊಳಗಿನ ಹೊಂದಿಸುವ ಪುಟ್ಟ ರೆಸಿಸ್ಟರ್, ಅಂದರೆ ಟ್ರಿಮ್‌ಪಾಟ್ ತಿರುಗಿಸುವುದು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ತೋಟದ ಯಜಮಾನರೊಬ್ಬರು ಬಂದು, "ತಮಾ, ಹೊಸ ಬ್ಯಾಟರಿ ಒಂದು ವರ್ಷಾನೂ ಬರಲಿಲ್ಲವಲ್ಲ" ಎಂದರು. ಅವರ ಕಂಟ್ರೋಲರ್ ನಾನೇ ಸರಿಮಾಡಿ ಕೊಟ್ಟದ್ದು. ಆ ಮಾತು ಮನಸ್ಸಿಗೆ ನಾಟಿತು.

ಅದನ್ನು ಮತ್ತೆ ಬೆಂಚಿನ ಮೇಲಿಟ್ಟು, ಈ ಸಲ ಮೀಟರಿನ ಕಡ್ಡಿಗಳನ್ನು ಕಂಟ್ರೋಲರಿನ ಸ್ಕ್ರೂಗಳಿಗೇ ಹಿಡಿದೆ. ದೀಪ ಉರಿಯುವಾಗ 10.46. ದೀಪ ಆರಿದ ಕ್ಷಣ ಅಂಕಿ 10.80ಕ್ಕೆ ಹಾರಿತು. ಅಂದರೆ ನಾನು 10.8 ಅಂದುಕೊಂಡು ಕೂರಿಸಿದ ಕಟ್‌ಆಫ್ ನಿಜವಾಗಿ 10.46ರಲ್ಲಿತ್ತು.

ಐಸಿಯೇ ಹಾಳಾಗಿದೆ ಎಂದುಕೊಂಡು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದ ಹೊಸ ಎಲ್‌ಎಂ317 ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ 10 ಓಮಿನ ವೈರ್‌ವೂಂಡ್ ರೆಸಿಸ್ಟರ್ ಒಂದನ್ನು ಲೋಡ್ ಆಗಿ ಕಟ್ಟಿ, ಸುಮಾರು 1 ಆಂಪಿಯರ್ ಹರಿಯುತ್ತಿರುವಾಗಲೇ ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ಹಾಕಿದೆ. ಒಂದು ಕಡ್ಡಿ ಐಸಿಯ ಔಟ್‌ಪುಟ್ ಕಾಲಿಗೆ, ಇನ್ನೊಂದು ಮುಂದಿನ ಫಲಕದ ಕೆಂಪು ಟರ್ಮಿನಲ್‌ಗೆ. ನಡುವೆ ಇರುವುದು ಗೇಣುದ್ದದ ತೆಳು ತಂತಿ ಮತ್ತು ಒಂದು ಸ್ವಿಚ್ಚು. ಮೀಟರ್ 30 ಮಿಲಿವೋಲ್ಟ್ ತೋರಿಸಿತು. ಬರೀ ಮೂವತ್ತು! ಹಾಗಾದರೆ ಟರ್ಮಿನಲ್‌ನಲ್ಲೇ ಕಾಲು ವೋಲ್ಟು ಕಡಿಮೆಯಾಗುವುದು ಹೇಗೆ?

ಉತ್ತರ ಆರ್1ರ ಬೆಸುಗೆಯಲ್ಲಿತ್ತು. ಆರ್1, ಆರ್2 ಎಂದರೆ ಸಪ್ಲೈ ಎಷ್ಟು ವೋಲ್ಟ್ ಕೊಡಬೇಕೆಂದು ನಿರ್ಧರಿಸುವ ಎರಡು ರೆಸಿಸ್ಟರುಗಳು. ಎಲ್‌ಎಂ317 ತನ್ನ ಔಟ್‌ಪುಟ್ ಕಾಲು ಮತ್ತು ಅಡ್ಜಸ್ಟ್ ಕಾಲಿನ ನಡುವೆ 1.25 ವೋಲ್ಟ್ ಕಾಯುತ್ತದೆ. ಅದಕ್ಕೆ ಗೊತ್ತಿರುವುದು ಅಷ್ಟೇ. ಆ 1.25 ಆರ್1ರ ಮೇಲೆ ಬಿದ್ದು, ಅದರಿಂದ ಹುಟ್ಟಿದ ಕರೆಂಟು ಆರ್2ರಲ್ಲಿ ಹರಿದು ಉಳಿದ ವೋಲ್ಟೇಜನ್ನು ಕಟ್ಟುತ್ತದೆ. ನಾನು ಜೋಡಿಸಲು ಸುಲಭವೆಂದು ಆರ್1ರ ಮೇಲ್ತುದಿಯನ್ನು ಐಸಿಯ ಕಾಲಿಗೆ ಕೊಡದೆ ಕೆಂಪು ಟರ್ಮಿನಲ್‌ಗೆ ಬೆಸೆದಿದ್ದೆ. ಲೋಡಿಗೆ ಹತ್ತಿರವಿದ್ದರೆ ಒಳ್ಳೆಯದು ಎಂಬ ಭಾವನೆಯೂ ಇತ್ತು. ಇಲ್ಲಿ ಅದು ಪೂರ್ತಿ ಉಲ್ಟಾ. ತಂತಿಯಲ್ಲಿ ಬಿದ್ದ 30 ಮಿಲಿವೋಲ್ಟು ಆ 1.25ರಿಂದಲೇ ಕಳೆದುಹೋಗುತ್ತದೆ, ಕಳೆದದ್ದು ಔಟ್‌ಪುಟ್‌ನಲ್ಲಿ ಗುಣಿಸಿಕೊಂಡು ಕಾಣುತ್ತದೆ. 10.8ನ್ನು 1.25ರಿಂದ ಭಾಗಿಸಿದರೆ 8.6. ಮೂವತ್ತನ್ನು 8.6ರಿಂದ ಗುಣಿಸಿದರೆ ಸುಮಾರು 260 ಮಿಲಿವೋಲ್ಟ್. 10.80ರಿಂದ 10.46ಕ್ಕೆ ಇಳಿದ 340ರಲ್ಲಿ ಮಿಕ್ಕ 80, ಸಪ್ಲೈಯಿಂದ ಕಂಟ್ರೋಲರಿಗೆ ಹೋಗುವ ಹೊರಗಿನ ಕ್ಲಿಪ್ ವೈರುಗಳದ್ದು: ಅರ್ಧ ಚದರ ಮಿಲಿಮೀಟರಿನ ತಂತಿ, ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್. ಲೆಕ್ಕ ಕೂಡಿಬಂದಾಗ ನನಗೆ ಆದ ಸಮಾಧಾನ ಸಣ್ಣದಲ್ಲ.

ಆರ್1ನ್ನು ಕಿತ್ತು ಐಸಿಯ ಕಾಲಿಗೆ ತಾಗಿಸಿ ಬೆಸೆದೆ. ಆರ್2ರ ಕೆಳತುದಿಯನ್ನು ಮಾತ್ರ ಬೇರೆ ತಂತಿಯಲ್ಲಿ ಕಪ್ಪು ಟರ್ಮಿನಲ್‌ಗೇ ಒಯ್ದೆ. ನೆಗೆಟಿವ್ ದಾರಿಯ ಇಳಿತ ಆಗ ಲೆಕ್ಕಕ್ಕೆ ಬರುವುದಿಲ್ಲ. ಈ ತುದಿಯನ್ನು, ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜಿಗೂ ದೊಡ್ಡ ಕೆಪಾಸಿಟರಿಗೂ ನಡುವಿನ ತಂತಿಗೆ ಎಂದೂ ಸೇರಿಸಬೇಡಿ. ಕೆಪಾಸಿಟರ್ ತುಂಬುವ ಕರೆಂಟು ಅಲ್ಲಿ ಸೆಕೆಂಡಿಗೆ 100 ಸಲ ಬಡಿಯುತ್ತದೆ, ಆ ಏರಿಳಿತ, ಅಂದರೆ ಹಮ್, ನೇರ ಔಟ್‌ಪುಟ್‌ಗೆ ಬರುತ್ತದೆ. ಕ್ಲಿಪ್ ವೈರು ಬಿಟ್ಟು ದಪ್ಪ ಗಿಡ್ಡ ತಂತಿ ಹಾಕಿದೆ. ಅದೇ 1 ಆಂಪಿಯರಿಗೆ ಟರ್ಮಿನಲ್‌ನಲ್ಲಿ ಇಳಿದದ್ದು 40 ಮಿಲಿವೋಲ್ಟ್. ಈ ತಿದ್ದುಪಡಿಗೆ ಹೊಸ ಭಾಗ ಒಂದೂ ಕೊಂಡಿರಲಿಲ್ಲ.

ಬಿಚ್ಚಿದ ಮೇಲೆ ಇನ್ನೂ ಕೆಲವು ಸರಿಮಾಡಿದೆ. ಅಡ್ಜಸ್ಟ್ ಕಾಲಿನಿಂದ ಬರುವ 50 ಮೈಕ್ರೋ ಆಂಪಿಯರ್‌ನಷ್ಟು ಕರೆಂಟೂ ಆರ್2ರಲ್ಲೇ ಹರಿಯುತ್ತದೆ. ಆರ್1 240 ಓಮ್ ಇದ್ದಾಗ ಅದರಿಂದ 90 ಮಿಲಿವೋಲ್ಟ್ ಸೇರುತ್ತಿತ್ತು, 120ಕ್ಕೆ ಇಳಿಸಿದಾಗ ಅದು ಅರ್ಧವಾಯಿತು. ಆರ್2 ಜಾಗದಲ್ಲಿದ್ದ ಕಾರ್ಬನ್ ಪಾಟ್ ತೆಗೆದು 820 ಓಮಿನ ಮೆಟಲ್ ಫಿಲ್ಮ್ ರೆಸಿಸ್ಟರ್, ಅದರ ಜೊತೆ 200 ಓಮಿನ ಮಲ್ಟಿಟರ್ನ್ ಟ್ರಿಮ್‌ಪಾಟ್ ಹಾಕಿದೆ. ಮುಟ್ಟಿದರೆ ಅಲುಗುವ ಅಂಕಿ ಈಗ ನಿಂತಿದೆ.

ಸಂಜೆಯ ಕರೆಂಟಿನದು ಬೇರೆ ತಲೆನೋವು. ನಮ್ಮಲ್ಲಿ 230 ಇರಬೇಕಾದದ್ದು 180ಕ್ಕೆ ಇಳಿಯುವುದುಂಟು. ವೋಲ್ಟೇಜನ್ನು ಬೇಕಾದಂತೆ ಏರಿಸಿ ಇಳಿಸುವ ಡಿಮ್ಮರ್‌ಸ್ಟ್ಯಾಟ್‌ನಲ್ಲಿ ಹಾಗೆ ಇಳಿಸಿ ನೋಡಿದರೆ, 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮತ್ತು 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಲುತ್ತಿರಲಿಲ್ಲ. ಔಟ್‌ಪುಟ್‌ಗಿಂತ ಎರಡೂವರೆ ವೋಲ್ಟಾದರೂ ಹೆಚ್ಚು ಒಳಬರದಿದ್ದರೆ ಎಲ್‌ಎಂ317 ಕೈಬಿಡುತ್ತದೆ. 18 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮತ್ತು 4700 ಮೈಕ್ರೋಫ್ಯಾರಡ್ ಹಾಕಿದೆ. ಪೂರ್ತಿ 230 ವೋಲ್ಟ್ ಇರುವಾಗ ಐಸಿ ಸುಮಾರು 12 ವ್ಯಾಟ್ ಬಿಸಿ ಕಾರುತ್ತದೆ, ಹಾಗಾಗಿ ಹೀಟ್‌ಸಿಂಕ್ ದೊಡ್ಡದಾಯಿತು. ಬಿಸಿಗೆ ಒಳಗಿನ 1.25 ಕೂಡ ಚೂರು ಸರಿಯುವುದರಿಂದ ಕಾಲು ಗಂಟೆ ಲೋಡಿನಲ್ಲಿ ಓಡಿಸಿದ ಮೇಲೆಯೇ ಅಂಕಿ ಕೂರಿಸುತ್ತೇನೆ. ಮೀಟರಿನ ಒಳಗಿನ ಸೆಲ್ಲನ್ನೂ ನೋಡಿಕೊಳ್ಳಿ. ಅಗ್ಗದ ಮೀಟರುಗಳು ಸೆಲ್ ಇಳಿದಾಗ ಇಲ್ಲದ ವೋಲ್ಟೇಜನ್ನು ಹೆಚ್ಚಿಗೆ ತೋರಿಸುತ್ತವೆ.

ಹಳೆಯ ಸಪ್ಲೈಯಲ್ಲಿ ಕಟ್‌ಆಫ್ ಕೂರಿಸಿದ ಕಂಟ್ರೋಲರ್‌ಗಳನ್ನು ರಿಪೇರಿ ಪುಸ್ತಕದಲ್ಲಿ ಹುಡುಕಿದೆ. ಹನ್ನೊಂದು ಸಿಕ್ಕವು. ಎಲ್ಲರಿಗೂ ಫೋನ್ ಮಾಡಿ, ತಪ್ಪು ನನ್ನದು, ದುಡ್ಡು ಬೇಡ, ತಂದುಕೊಡಿ ಎಂದೆ. ಎಂಟು ಬಂದವು. ಉಳಿದ ಮೂರು ಮನೆಗಳು ಹೊಳೆಯಾಚೆ ಇವೆ. ಮಳೆ ಹೊಳವಾದ ಕೂಡಲೇ ಸಪ್ಲೈಯನ್ನೇ ಬೈಕಿಗೆ ಕಟ್ಟಿಕೊಂಡು ಹೋಗುತ್ತೇನೆ.