ತೋಳಿನ ಮೇಲಿನ ಐದು ಅಕ್ಷರ

ನನ್ನ ಅಳಿಯ ಮೆಲ್ಬರ್ನ್‌ನವನು. ಅವನ ಮುತ್ತಜ್ಜನ ಅಜ್ಜ ನಾವಿಕನಾಗಿ ಆಸ್ಟ್ರೇಲಿಯಾಕ್ಕೆ ಬಂದವನು ಎಂಬುದು ಆ ಮನೆಯಲ್ಲಿ ನಡೆದುಬಂದ ಮಾತು. ಯಾವ ಹಡಗು, ಯಾವ ಊರು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನಾನು ನಿವೃತ್ತನಾಗಿ ಮಗಳ ಮನೆಗೆ ಬಂದವನು, ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಮೂವತ್ತು ವರ್ಷ ಕಡತ ತಿರುವಿದ ಚಾಳಿ ಬೇರೆ. ಹುಡುಕೋಣ ಎಂದು ಕುಳಿತೆ.

ಮೊದಲು ತರಿಸಿದ್ದು 1884ರ ಮರಣಪತ್ರ. ವಿಕ್ಟೋರಿಯಾದಲ್ಲಿ 1853ರಿಂದ ಜನನ ಮರಣಗಳ ಸರ್ಕಾರಿ ನೋಂದಣಿಯಿದೆ. ಸತ್ತವರು ಯಾವ ವಸಾಹತಿನಲ್ಲಿ ಎಷ್ಟು ವರ್ಷ ಇದ್ದರು ಎಂಬುದಕ್ಕೂ ಆ ಪತ್ರದಲ್ಲಿ ಒಂದು ಅಂಕಣ. ಅಲ್ಲಿದ್ದದ್ದು: ಟ್ಯಾಸ್ಮೇನಿಯಾದಲ್ಲಿ 8, ವಿಕ್ಟೋರಿಯಾದಲ್ಲಿ 31. ಕಳೆದು ನೋಡಿದರೆ 1845. ಟ್ಯಾಸ್ಮೇನಿಯಾ ಆಗ ವ್ಯಾನ್ ಡೀಮನ್ಸ್ ಲ್ಯಾಂಡ್. ಬ್ರಿಟನ್ನಿನಿಂದ ಗಡೀಪಾರಾದ ಕೈದಿಗಳನ್ನು ಹೊತ್ತ ಹಡಗುಗಳು 1853ರವರೆಗೂ ಅಲ್ಲಿಗೆ ಬರುತ್ತಿದ್ದವು. ನಾವಿಕನ ಕಥೆಯ ಮೇಲೆ ನನಗೆ ಅನುಮಾನ ಬಂದದ್ದು ಆಗಲೇ. ಅಳಿಯನಿಗೆ ಹೇಳಿದೆ, ಅವನು ನಕ್ಕ. ಅವನ ಅಜ್ಜನ ಕಾಲಕ್ಕಾಗಿದ್ದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರೇನೋ. ಇಂಥ ಪೂರ್ವಜನನ್ನು ಮುಚ್ಚಿಡುವುದೇ ಅಂದಿನ ಮರ್ಯಾದೆ.

ಟ್ಯಾಸ್ಮೇನಿಯಾದ ಕೈದಿ ದಾಖಲೆಗಳನ್ನು ಮನೆಯಲ್ಲೇ ಕುಳಿತು ಉಚಿತವಾಗಿ ನೋಡಬಹುದು. ಆದರೆ ನಮ್ಮವನ ಹೆಸರಿನವರು ಆರು ಮಂದಿ ಸಿಕ್ಕರು. ಶಿಕ್ಷೆಯ ಅವಧಿ ಮುಗಿಯದ ಕೈದಿ ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಮಕ್ಕಳ ಜನನಪತ್ರಗಳಿಂದ ಹೆಂಡತಿಯ ಹೆಸರು ಗೊತ್ತಿತ್ತು. ಅನುಮತಿ ಪುಸ್ತಕದಲ್ಲಿ ಆ ಜೋಡಿಯನ್ನು ಹಿಡಿದೆ. ಪಕ್ಕದಲ್ಲೇ ಅವನು ಬಂದ ಹಡಗಿನ ಹೆಸರಿತ್ತು. ಹಡಗಿನ ಹೆಸರು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಆ ಕಡತಗಳಲ್ಲಿ ಮನುಷ್ಯನನ್ನು ಗುರುತಿಸುವುದೇ ಹಡಗಿನಿಂದ.

ಮೇಲಂಗಿಯೊಂದನ್ನು ಕದ್ದದ್ದಕ್ಕೆ ಏಳು ವರ್ಷದ ಗಡೀಪಾರು. ವಿಚಾರಣೆ ನಡೆದದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಮರಣಪತ್ರದಲ್ಲಿ ಮಗ ಬರೆಸಿದ ಹುಟ್ಟೂರೂ ಲಿವರ್‌ಪೂಲ್. ಎರಡೂ ಹೊಂದಿದವು ಎಂದು ಹಿಗ್ಗಿ, ಆ ಊರಿನ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಆರು ತಿಂಗಳು ಕಳೆದೆ. ಶುದ್ಧ ದಡ್ಡತನ. ಸಿಕ್ಕಿಬಿದ್ದ ಊರೇ ಹುಟ್ಟಿದ ಊರಾಗಬೇಕೆಂದು ಎಲ್ಲಿದೆ? ಕೂಲಿ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಿದ್ದ ಬಂದರು ಅದು.

ಹಡಗು ಇಳಿಯುವಾಗ ಗುಮಾಸ್ತರು ಬರೆದುಕೊಂಡ ಪಟ್ಟಿಯನ್ನು ನಾನು ಮೊದಲೇ ನೋಡಿದ್ದೆ, ಆದರೆ ಓದಿರಲಿಲ್ಲ. ಎತ್ತರ, ಮೈಬಣ್ಣ, ಕಸುಬು ಎಲ್ಲ ಬರೆದು, ಕೊನೆಗೆ ಒತ್ತಿ ಒತ್ತಿ ತುಂಬಿದ ಒಂದು ಸಾಲು: ತಾಯಿ, ಇಬ್ಬರು ತಮ್ಮಂದಿರು, ಒಬ್ಬಳು ತಂಗಿ, ಅವರ ಹೆಸರುಗಳು, ಆಮೇಲೆ 'ಎನ್.ಪಿ.ಯಲ್ಲಿ' ಎಂದು. ಎನ್.ಪಿ. ಎಂಬುದು ಯಾವುದೋ ಊರಿರಬೇಕೆಂದು ನಕ್ಷೆಯಲ್ಲಿ ಹುಡುಕಿದ್ದೂ ಉಂಟು! ಅದು 'ನೇಟಿವ್ ಪ್ಲೇಸ್', ಹುಟ್ಟೂರು. ಅದೇ ಪಟ್ಟಿಯ ಇನ್ನೊಂದು ಅಂಕಣದಲ್ಲಿ ಹುಟ್ಟೂರು ಸ್ಪಷ್ಟವಾಗಿತ್ತು: ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಯ, ಅಂದರೆ ಜಿಲ್ಲೆಯ, ಲಡ್ಲೋ ಹತ್ತಿರ.

'ಹತ್ತಿರ' ಎಂಬ ಆ ಒಂದು ಮಾತಿಗೆ ಹದಿನಾಲ್ಕು ಪ್ಯಾರಿಷ್‌ಗಳನ್ನು, ಅಂದರೆ ಒಂದೊಂದು ಚರ್ಚಿಗೆ ಸೇರಿದ ಪ್ರದೇಶಗಳನ್ನು, ಜಾಲಾಡಬೇಕಾಯಿತು. ಕೊನೆಗೆ ಕೈಹಿಡಿದದ್ದು ಅದೇ ಪಟ್ಟಿಯಲ್ಲಿ ಬರೆದಿದ್ದ ಅವನ ಹಚ್ಚೆ. ಎಡತೋಳಿನಲ್ಲಿ ಒಂದು ಲಂಗರು, ಅದರ ಕೆಳಗೆ ಐದು ಅಕ್ಷರ: ಎಂ, ಜೆ, ಡಬ್ಲ್ಯು, ಎಸ್, ಇ. ತಪ್ಪಿಸಿಕೊಂಡರೆ ಹಿಡಿಯಲು ಇರಲಿ ಎಂದು ಮೈಮೇಲಿನ ಗುರುತುಗಳನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮೊದಲ ನಾಲ್ಕು ಅಕ್ಷರ ತಾಯಿ, ತಮ್ಮಂದಿರು, ತಂಗಿಯ ಹೆಸರುಗಳಿಗೆ ಸರಿಯಾಗಿ ಕೂತವು. 1841ರ ಜನಗಣತಿಯಲ್ಲಿ ಆ ನಾಲ್ಕು ಹೆಸರು ಒಂದೇ ಛಾವಣಿಯ ಕೆಳಗೆ ಇರುವ ಮನೆಯನ್ನು ಹುಡುಕಿದೆ. ಸಿಕ್ಕಿತು. ಆದರೆ ಆ ಗಣತಿಯಲ್ಲಿ ಇದೇ ಕೌಂಟಿಯಲ್ಲಿ ಹುಟ್ಟಿದವರೇ ಎಂಬುದಷ್ಟೇ ಇರುತ್ತದೆ, ದೊಡ್ಡವರ ವಯಸ್ಸನ್ನೂ ಐದೈದಕ್ಕೆ ಇಳಿಸಿ ಬರೆದಿರುತ್ತಾರೆ. 1851ರದರಲ್ಲಿ ಹುಟ್ಟಿದ ಪ್ಯಾರಿಷ್ ಇರುತ್ತದೆ. ಆ ವರ್ಷವೂ ತಾಯಿ ಅಲ್ಲೇ ಇದ್ದಳು, ಕೂಲಿಕಾರನ ವಿಧವೆ. ಮಗ ಅತ್ತ ಶಿಕ್ಷೆ ಮುಗಿಸುತ್ತಿದ್ದ ಹೊತ್ತು ಅದು. ಆ ಪ್ಯಾರಿಷ್‌ನ ಪುಸ್ತಕದಲ್ಲಿ ನಮ್ಮವನ ದೀಕ್ಷಾಸ್ನಾನ 1823ರಲ್ಲಿ ನಡೆದಿತ್ತು, ತಂದೆಯ ಹೆಸರಿನ ಸಹಿತ.

ಉಳಿದದ್ದು 'ಇ'. ಪ್ರೇಯಸಿ ಇರಬೇಕೆಂದು ಅಳಿಯ, ಹೆಂಡತಿಯ ಹೆಸರು 'ಇ'ಯಿಂದ ಶುರುವಾಗುವುದಿಲ್ಲವಲ್ಲ ಎಂದು ಮಗಳು. ಹಡಗಿನ ಪಟ್ಟಿಗೆ ಬದುಕಿದ್ದ ಬಂಧುಗಳನ್ನಷ್ಟೇ ಹೇಳಿರಬಹುದಲ್ಲ ಎಂದು ನನಗೆ ತಡವಾಗಿ ಹೊಳೆಯಿತು. ಅದೇ ಚರ್ಚಿನ ಸಮಾಧಿ ಪುಸ್ತಕ ತೆಗೆದೆ. 1833, ಎಲಿಜಬೆತ್, ಅದೇ ಮನೆತನದ ಹೆಸರು, ವಯಸ್ಸು 4. ಅವನಿಗೆ ಆಗ ಹತ್ತು.